ಶೆಲ್ ಹಾಕೋ ಮೌಸೇ ಶಾಣ್ಯಾ!

ವೈರ್ ಇಲ್ಲದ ಮೌಸ್ ಯಾವುದು ಚಲೋ ಅಂತ ಕೇಳಿ ನೋಡ್ರಿ, ಎಲ್ಲರದೂ ಒಂದೇ ಉತ್ತರ: "ಹೊಸಾದು ತಗೋರಿ, ಹಳೇದ್ರಾಗ ಏನೈತಿ?" ಡಿಪಿಐ ಎಷ್ಟು, ಲೈಟು ಎಷ್ಟು ಬಣ್ಣದ್ದು... ಹೋಲಿಕೆ ಅಂದರೆ ಇಷ್ಟೇ ಆಗಿಬಿಟ್ಟಿದೆ. ನನ್ನ ತಕರಾರು ಇರೋದೇ ಇಲ್ಲಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂಥ ಊರಲ್ಲಿ ಕೂತು ಕೆಲಸ ಮಾಡೋರು ಕೇಳಬೇಕಾದ ಪ್ರಶ್ನೆಯೇ ಬೇರೆ. ಮೌಸ್ ಸತ್ತಾಗ ಊರು ಬಿಟ್ಟು ಹೋಗದೇ ಅದನ್ನು ಬದುಕಿಸಬಹುದಾ?

ಈ ಒಂದೇ ಅಳತೆ ಹಿಡಿದು ತಲೆಮಾರುಗಳನ್ನು ನೋಡೋಣ.

1984ರಲ್ಲಿ ಲಾಜಿಟೆಕ್ ಮಾಡಿದ್ದು ಇನ್‌ಫ್ರಾರೆಡ್ ಮೌಸ್, ಟಿವಿ ರಿಮೋಟ್ ಇದ್ದ ಹಾಗೆ. ನಡುವೆ ಏನಾದರೂ ಅಡ್ಡ ಬಂದರೆ ಕುರುಡು! 1991ರಲ್ಲಿ ಅದೇ ಕಂಪನಿ ರೇಡಿಯೋ ಮೌಸ್ ತಂದಿತು. ಮುಂದೆ 27 ಮೆಗಾಹರ್ಟ್ಸ್‌ನವು ಮನೆಮನೆಗೆ ಬಂದವು. ಅವುಗಳ ರಿಸೀವರ್‌ಗೇ ಒಂದು ವೈರು (ವೈರ್‌ಲೆಸ್ ಅಂತೆ!), ಒಂದೆರಡು ಮೀಟರ್ ದಾಟಿದರೆ ಕೈ ಕೊಡೋದು, ಪಕ್ಕದ ಟೇಬಲ್ಲಿನ ಮೌಸ್ ಜೊತೆ ಜಗಳ. ಅವನ್ನು ಹೊಗಳೋಕೆ ನಾನು ಕೂತಿಲ್ಲ.

ಆಮೇಲೆ ಬಂತು ನೋಡಿ, 2.4 ಗಿಗಾಹರ್ಟ್ಸ್. ಉಗುರಿನಷ್ಟು ರಿಸೀವರ್, ಹತ್ತು ಮೀಟರ್ ದೂರ, ಒಂದೇ ಒಂದು ಪೆನ್ಸಿಲ್ ಶೆಲ್ ಹಾಕಿದರೆ ತಿಂಗಳುಗಟ್ಟಲೆ ನಿಶ್ಚಿಂತೆ. ಗೋಡೆ ಗಡಿಯಾರದ ಶೆಲ್ಲೇ ಇದಕ್ಕೂ ಆಗುತ್ತದೆ, ಓಣಿಯ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಇದರ ಒಂದೇ ಕೊರತೆ: ಆ ಉಗುರಿನಷ್ಟು ರಿಸೀವರ್ ಕಳೆದರೆ ಎಷ್ಟೋ ಮೌಸ್‌ಗಳು ಕಸ. ಇದಕ್ಕೂ 2009ರಲ್ಲಿ ದಾರಿ ಸಿಕ್ಕಿತ್ತು. ಲಾಜಿಟೆಕ್‌ನ 'ಯೂನಿಫೈಯಿಂಗ್' ರಿಸೀವರ್ ಒಂದಕ್ಕೆ ಆರು ಸಾಧನ ಜೋಡಿಸಬಹುದು, ಕಳೆದರೆ ಇನ್ನೊಂದಕ್ಕೆ ಜೋಡಿಸಿಕೊಳ್ಳಬಹುದು. ಆದರೆ 2021ರಲ್ಲಿ ಅದೇ ಕಂಪನಿ 'ಬೋಲ್ಟ್' ಅಂತ ಹೊಸದು ತಂದಿತು. ಅದಕ್ಕೂ ಹಳೇದಕ್ಕೂ ಮಾತುಕತೆಯೇ ಇಲ್ಲ! ಬ್ಲೂಟೂತ್ ಇದೆಯಲ್ಲ ಅಂತೀರಾ? ನಮ್ಮ ಕಡೆಯ ಎಷ್ಟೋ ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಬ್ಲೂಟೂತೇ ಇಲ್ಲ.

ಈಗಿನ ತಲೆಮಾರು ಇನ್ನೂ ಮುಂದೆ ಹೋಗಿದೆ... ಬ್ಯಾಟರಿಯನ್ನೇ ಒಳಗೆ ಹಾಕಿ ಮುಚ್ಚಿಬಿಡೋದು. ಆಪಲ್‌ನ ಮ್ಯಾಜಿಕ್ ಮೌಸ್ 2009ರಲ್ಲಿ ಬಂದಾಗ ಎರಡು ಶೆಲ್ ಹಾಕುತ್ತಿದ್ದರು. 2015ರಲ್ಲಿ ಬ್ಯಾಟರಿ ಒಳಗೆ ಹೋಯಿತು, ಚಾರ್ಜಿಂಗ್ ತೂತು ಹೊಟ್ಟೆಯ ಕೆಳಗೆ ಬಂತು. ಚಾರ್ಜ್ ಆಗೋವಾಗ ಕೆಲಸ ಬಂದ್! 2024ರಲ್ಲಿ ತೂತು ಬದಲಾಯಿತು, ಜಾಗ ಬದಲಾಗಲಿಲ್ಲ :) ಅಗ್ಗದ ಮೌಸ್‌ಗಳೂ ಈಗ ಬ್ಯಾಟರಿ ಮುಚ್ಚೋ ದಾರಿ ಹಿಡಿದಿವೆ.

ಇದರಿಂದ ಪೆಟ್ಟು ಯಾರಿಗೆ? ಲಗ್ನಪತ್ರಿಕೆ ಮಾಡಿಕೊಡೋ ಡಿಟಿಪಿ ಅಂಗಡಿಯವರಿಗೆ, ಅರ್ಜಿಯ ಕಡೇ ದಿನ ಪಾಳಿ ಹಚ್ಚಿದ ಜನರ ಎದುರು ಕೂತ ಗ್ರಾಮ ಒನ್ ಹುಡುಗನಿಗೆ. ಶೆಲ್ ಮೌಸ್ ಆದರೆ ಐದು ನಿಮಿಷದ ಕೆಲಸ. ಮುಚ್ಚಿದ ಬ್ಯಾಟರಿ ಸೊರಗಿದರೆ ಬೆಳಗಾವಿಗೋ ಹುಬ್ಬಳ್ಳಿಗೋ ಬಸ್ ಹತ್ತಬೇಕು, ಅದೂ ಹೊಸ ಮೌಸ್ ತರೋಕೆ!

"ಶೆಲ್ ಬಿಸಾಡಿದ್ರ ಕಸ ಆಗೂದಿಲ್ಲೇನ್ರಿ?" ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಚಾರ್ಜ್ ಆಗೋ ಪೆನ್ಸಿಲ್ ಶೆಲ್ ಸಿಗುತ್ತವೆ, 1.2 ವೋಲ್ಟ್‌ನವು, ಹೆಚ್ಚಿನ ಮೌಸ್‌ಗಳಲ್ಲಿ ನಡೆಯುತ್ತವೆ. ಅವು ಮುಪ್ಪಾದರೆ ಶೆಲ್ ಮಾತ್ರ ಬದಲಿಸಿದರೆ ಸಾಕು. ಮುಚ್ಚಿದ್ದರಲ್ಲಿ ಬ್ಯಾಟರಿ ಜೊತೆ ಇಡೀ ಮೌಸೇ ಕಸ. ಯುರೋಪಿನವರು ಇದನ್ನು ನೋಡಿಯೇ 2023ರಲ್ಲಿ ಕಾನೂನು ಮಾಡಿದರು. 2027ರ ಫೆಬ್ರವರಿ 18ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿ ಬಿಟ್ಟು, ಬಳಸುವವರೇ ತೆಗೆಯುವಂತಿರಬೇಕು ಅಂತ. ನಮಗ್ಯಾಕೆ ಅಂಥ ಕಾನೂನು ಬೇಡ?

ಅಲ್ಲಿವರೆಗೆ ಅಂಗಡಿಯಲ್ಲಿ ಡಿಪಿಐ ಕೇಳಬೇಡಿ. ಶೆಲ್ ಬದಲಿಸಬಹುದಾ, ರಿಸೀವರ್ ಕಳೆದರೆ ಬೇರೆ ಸಿಗುತ್ತದಾ ಅಂತ ಕೇಳಿ. ಇಲ್ಲ ಅಂದರೆ ವಾಪಸ್ ಇಟ್ಟುಬಿಡಿ, ಎಷ್ಟೇ ಹೊಸದಾಗಿರಲಿ.

ಏನಂತೀರಿ?