ಹಳೆಯ ತಟ್ಟೆಗೆ ಹೊಸ ಮುಳ್ಳು

ಗ್ರಾಮಫೋನ್ ತಟ್ಟೆಗಳ ಮೇಲಿನ ಮೋಹ ನಮ್ಮಲ್ಲಿ ಮತ್ತೆ ಚಿಗುರಿದೆ, ಸಂತೋಷದ ಸಂಗತಿ. ಆದರೆ ಆ ಮೋಹ ಹರಿಯುವ ದಾರಿಯನ್ನು ಕಂಡರೆ ನನಗೆ ಅಷ್ಟು ಸಂತೋಷವಾಗುವುದಿಲ್ಲ. ಹಣವುಳ್ಳವರು ಮರದ ಪೆಟ್ಟಿಗೆಗೂ ಧ್ವನಿವರ್ಧಕಕ್ಕೂ ಸಾವಿರಾರು ರೂಪಾಯಿ ಸುರಿಯುತ್ತಾರೆ. ಇಲ್ಲದವರು ಅಟ್ಟದಿಂದ ಇಳಿಸಿದ ಯಂತ್ರದಲ್ಲಿ, ತಂದೆಯ ಕಾಲದಿಂದ ಕುಳಿತಿರುವ ಮುಳ್ಳಿನಿಂದಲೇ ಹಾಡು ಕೇಳುತ್ತಾರೆ. ತಟ್ಟೆಯ ಗೆರೆಯನ್ನು ನಿಜವಾಗಿ ಮುಟ್ಟುವ ವಸ್ತು ಆ ಮುಳ್ಳೊಂದೇ ಎಂಬುದನ್ನು ಇಬ್ಬರೂ ಮರೆತಂತಿದೆ.

ಗೆರೆಯಲ್ಲಿ ನಡೆಯುವ ಮುಳ್ಳು ಅದುರುತ್ತದೆ. ಆ ಅದುರನ್ನು ವಿದ್ಯುತ್ತಾಗಿ ಮಾರ್ಪಡಿಸುವ ಪುಟ್ಟ ಗೂಡೇ ಕಾರ್ಟ್ರಿಜ್. ನಮ್ಮ ಜಿಲ್ಲೆಗೆ ಇದು ಅಪರಿಚಿತ ವಿದ್ಯೆಯೇನಲ್ಲ. ಗೌರಿಬಿದನೂರಿನ ಬಳಿ ಪರಮಾಣು ಶಕ್ತಿ ಇಲಾಖೆ ೧೯೬೫ರಲ್ಲಿ ಸ್ಥಾಪಿಸಿದ ಭೂಕಂಪನ ಕೇಂದ್ರವು ದೂರದೇಶಗಳ ಅಣುಸ್ಫೋಟದ ನಡುಕವನ್ನು ಹಿಡಿಯುವುದಕ್ಕೆಂದು ಹುಟ್ಟಿದ್ದು. ಅಂಥ ಮಾಪಕದೊಳಗೂ ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ. ಒಂದರ ಬಳಿ ಇನ್ನೊಂದು ಅಲುಗಿದರೆ ಅಲ್ಪ ವಿದ್ಯುತ್ತು ಹುಟ್ಟುತ್ತದೆ. ಅಲ್ಲಿ ನೆಲ ಹಾಡುತ್ತದೆ, ಇಲ್ಲಿ ಕಾಳಿಂಗರಾಯರು ಹಾಡುತ್ತಾರೆ, ಅಷ್ಟೆ.

ಮುಳ್ಳಿನ ತುದಿಯ ವಿಷಯ ಸ್ವಲ್ಪ ಸೂಕ್ಷ್ಮ. ಎಲ್.ಪಿ. ತಟ್ಟೆಗೆ ಬೇಕಾದ ದುಂಡು ತುದಿಯ ತ್ರಿಜ್ಯ ಸುಮಾರು ೧೮ ಮೈಕ್ರಾನ್. ಶಿಡ್ಲಘಟ್ಟದಲ್ಲಿ ಗೂಡಿನಿಂದ ಬಿಚ್ಚುವ ರೇಷ್ಮೆಯೆಳೆಯ ದಪ್ಪವೂ ಹೆಚ್ಚುಕಡಮೆ ಅಷ್ಟೇ. ನಿಮಿಷಕ್ಕೆ ೭೮ ಸುತ್ತಿನ ಅರಗಿನ ತಟ್ಟೆಗಾದರೋ ಸುಮಾರು ೭೫ ಮೈಕ್ರಾನ್ ಬೇಕು. ಎಲ್.ಪಿ.ಯ ಮುಳ್ಳನ್ನು ಅದರ ಮೇಲಿಟ್ಟರೆ ಗೆರೆಯ ತಳಕ್ಕಿಳಿದು ಧೂಳನ್ನು ಕೆದಕುತ್ತದೆ. ನಾವು ಕೇಳುವುದು ಹಾಡಲ್ಲ, ಕಸ. ಹಳೆಯ ತಟ್ಟೆಗಳೆಲ್ಲ ಕರಕರ ಎನ್ನುತ್ತವೆಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಹಾಗಾದರೆ ಕೊಳ್ಳಬೇಕಾದದ್ದೇನು? ಮನೆಯಲ್ಲಿರುವುದು ಎಚ್.ಎಂ.ವಿ. ಫಿಯೆಸ್ಟಾದಂಥ ಹಳೆಯ ಪೆಟ್ಟಿಗೆಯಾದರೆ ಕಾರ್ಟ್ರಿಜ್ ಬದಲಿಸುವ ಗೋಜಿಗೆ ಹೋಗಬೇಡಿ. ಅಯಸ್ಕಾಂತದ ಕಾರ್ಟ್ರಿಜ್ ಕೊಡುವುದು ಕೇವಲ ನಾಲ್ಕೈದು ಮಿಲಿವೋಲ್ಟು. ಅದಕ್ಕೆ ಬೇರೆಯೇ ವರ್ಧಕ ಬೇಕು, ಹಗುರವಾದ ತೋಳೂ ಬೇಕು. ಅಂಥ ಯಂತ್ರಕ್ಕೆ ಸರಿಹೊಂದುವ ಹೊಸ ಮುಳ್ಳು ಸಾಕು. ಭಾರ ಹೊಂದಿಸಬಲ್ಲ ತೋಳಿರುವ ಯಂತ್ರವಾದರೆ, ಮುಳ್ಳನ್ನು ಮಾತ್ರ ಕಳಚಿ ಬದಲಿಸಬಹುದಾದ ಕಾರ್ಟ್ರಿಜ್ಜನ್ನೇ ಆರಿಸುವುದು ಜಾಣತನ. ಚಿಕ್ಕಬಳ್ಳಾಪುರಕ್ಕೆ ಅಂಚೆಯಲ್ಲಿ ನಾನು ತರಿಸಿಕೊಂಡದ್ದು ಜಪಾನಿನ ಆಡಿಯೊ-ಟೆಕ್ನಿಕಾ ಕಂಪನಿಯ ವಿಎಂ೯೫. ಒಂದೇ ಗೂಡಿಗೆ ದುಂಡು ಮುಳ್ಳು, ಅಂಡಾಕಾರದ ಮುಳ್ಳು, ೭೮ರ ಮುಳ್ಳು ಎಲ್ಲವೂ ಹೊಂದುತ್ತವೆ. ಮೊದಲು ದುಂಡು ಮುಳ್ಳು. ಅದು ಸವೆದಾಗ ಅಂಡಾಕಾರದ್ದು. ಅರಗಿನ ತಟ್ಟೆಗಳಿದ್ದರೆ ೭೮ರದ್ದೊಂದು. ಅದಕ್ಕೂ ಮೇಲಿನ ದುಬಾರಿ ತುದಿಗಳು ನಮ್ಮಂಥ ಮೇಷ್ಟರ ಸಂಬಳಕ್ಕೂ ಕಿವಿಗೂ ಅಗತ್ಯವಿಲ್ಲವೆಂಬುದು ನನ್ನ ಅಭಿಪ್ರಾಯ. ಒಪ್ಪದ ರಸಿಕರು ಕ್ಷಮಿಸಲಿ.

ಮುಳ್ಳು ಹಗುರವಾಗಿ ಕುಳಿತಷ್ಟೂ ತಟ್ಟೆಗೆ ಒಳ್ಳೆಯದೆಂಬ ನಂಬಿಕೆಯೊಂದಿದೆ. ಇದು ದಯೆಯಲ್ಲ. ಭಾರ ಸಾಲದ ಮುಳ್ಳು ಗೆರೆಯಲ್ಲಿ ನಿಲ್ಲದೆ ಕುಪ್ಪಳಿಸಿ ಗೋಡೆಗಳನ್ನು ಹೊಡೆಯುತ್ತದೆ. ತಯಾರಕರು ಹೇಳಿದ ೨ ಗ್ರಾಮನ್ನೇ ಇಡಬೇಕು. ೭೮ರ ಮುಳ್ಳಿಗೆ ೫ ಗ್ರಾಂ. ಚಿಂತಾಮಣಿಯ ಅಕ್ಕಸಾಲಿಗರು ಬಳಸುವಂಥ ಸಣ್ಣ ವಿದ್ಯುನ್ಮಾನ ತಕ್ಕಡಿಯಿದ್ದರೆ ತೂಗಿ ನೋಡಬಹುದು. ಅದರ ತಟ್ಟೆ ಮಾತ್ರ ಕಬ್ಬಿಣದ್ದಾಗಿರಬಾರದು. ಕಾರ್ಟ್ರಿಜ್ಜಿನ ಅಯಸ್ಕಾಂತ ಅದಕ್ಕೆ ಸೆಳೆದುಕೊಂಡು ತೂಕ ಸುಳ್ಳಾಗುತ್ತದೆ.

ಇಷ್ಟೆಲ್ಲ ಸಣ್ಣ ಮಾತು ಏಕೆಂದರೆ, ಸವೆದ ಮುಳ್ಳು ಹಾಡನ್ನು ಕೆಡಿಸಿ ಸುಮ್ಮನಾಗುವುದಿಲ್ಲ, ತಟ್ಟೆಯನ್ನೇ ಕೆತ್ತುತ್ತದೆ. ಮುಳ್ಳು ಮತ್ತೆ ಸಿಗುತ್ತದೆ. ಕಾಳಿಂಗರಾಯರ ಭಾವಗೀತೆಯೂ ಚೌಡಯ್ಯನವರ ಪಿಟೀಲೂ ಇರುವ ೭೮ರ ತಟ್ಟೆಯನ್ನು ಇನ್ನು ಯಾರೂ ಅಚ್ಚೊತ್ತಿ ಕೊಡುವುದಿಲ್ಲ. ನಮ್ಮ ನಾಲ್ಕು ಊರುಗಳಲ್ಲಿ ಯಾವ ಶಾಲೆಯ ಬೀರುವಿನಲ್ಲಾದರೂ ಅಂಥ ಪೆಟ್ಟಿಗೆಯಿದ್ದರೆ, ವಾರ್ಷಿಕೋತ್ಸವಕ್ಕೆ ಅದನ್ನು ಹೊರತೆಗೆಯುವ ಮುನ್ನ ಉಪಾಧ್ಯಾಯರು ಮುಳ್ಳಿನ ಲೆಕ್ಕ ಕೇಳಲಿ. ವಜ್ರದ ಮುಳ್ಳಿಗೂ ೫೦೦ರಿಂದ ೧೦೦೦ ಗಂಟೆಯಷ್ಟೇ ಆಯುಸ್ಸು. ನೀಲಮಣಿಯದಕ್ಕೆ ಅದರಲ್ಲಿ ಅಲ್ಪ ಪಾಲು. ಲೆಕ್ಕ ಸಿಗದಿದ್ದರೆ ಹೊಸದನ್ನು ತರಿಸಿ, ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ತಾರೀಖು ಬರೆದಿಡಲಿ.