ನೀನು ಕೂತ್ಕೋ ಅಮ್ಮಾ

ಈ ಸಲ ಯುಗಾದಿ ಪೂಜೆ ಮುಗಿದು ಎಲ್ಲರೂ ಎದ್ದರು. ಅಮ್ಮ ಮಾತ್ರ ಏಳಲಿಲ್ಲ. ಒಂದು ಕೈ ನೆಲಕ್ಕೆ ಊರಿದಳು, ಇನ್ನೊಂದು ಕೈಲಿ ಸೋಫಾ ಹಿಡಿದಳು, ಆದರೂ ಆಗಲಿಲ್ಲ. ಕೊನೆಗೆ ನಾನೇ ಎತ್ತಿ ನಿಲ್ಲಿಸಿದೆ. "ಕಾಲಿಗೆ ಏಳೋದೇ ಮರೆತುಹೋಗಿದೆ ಕಣೋ" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಅಮ್ಮನಿಗೆ 67. ಎರಡು ವರ್ಷದ ಹಿಂದಿನವರೆಗೂ ಅರಸೀಕೆರೆ ಹತ್ತಿರದ ನಮ್ಮೂರಲ್ಲೇ ಇದ್ದಳು. ಅಂಗಳ ಗುಡಿಸೋದು, ಕುಕ್ಕರುಗಾಲಲ್ಲಿ ಕೂತು ರಂಗೋಲಿ ಹಾಕೋದು, ಈಳಿಗೆಮಣೆ ಮುಂದೆ ಕೂತು ತರಕಾರಿ ಹೆಚ್ಚೋದು. ದಿನಕ್ಕೆ ಎಷ್ಟು ಸಲ ಕೂತು ಏಳ್ತಿದ್ದಳೋ, ಯಾರೂ ಎಣಿಸಿರಲಿಲ್ಲ. ಹಟ ಮಾಡಿ ಬೆಂಗಳೂರಿಗೆ ಕರಕೊಂಡು ಬಂದವನು ನಾನು. ಇಲ್ಲಿ ಏಳನೇ ಮಹಡಿ, ಲಿಫ್ಟು, ಪಾತ್ರೆ ತೊಳೆಯೋಕೆ ಕೆಲಸದವರು, ಸೊಪ್ಪಿಗೂ ಆ್ಯಪ್. ಅವಳು ಏನು ಮುಟ್ಟಿದರೂ ನನ್ನದು ಒಂದೇ ಮಾತು: "ನೀನು ಕೂತ್ಕೋ ಅಮ್ಮಾ, ನಾನು ನೋಡ್ಕೋತೀನಿ." ಅದೇ ಪ್ರೀತಿ ಅಂದುಕೊಂಡಿದ್ದೆ.

ವಾಕಿಂಗ್ ಇತ್ತು ಸ್ವಾಮಿ. ಸ್ಮಾರ್ಟ್‌ವಾಚ್ ಕೊಡಿಸಿ, ದಿನಕ್ಕೆ 10,000 ಹೆಜ್ಜೆ ಅಂತ ಗುರಿ ಬೇರೆ ಇಟ್ಟಿದ್ದೆ. ಆ ಸಂಖ್ಯೆ ಬಂದಿದ್ದು ಯಾವ ಡಾಕ್ಟರಿಂದಲೂ ಅಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿಂದ ಅಂತ ಆಮೇಲೆ ಗೊತ್ತಾಯ್ತು! ನಡೆಯೋದು ಹೃದಯಕ್ಕೆ, ಶುಗರ್‌ಗೆ ಒಳ್ಳೇದೇ. ಆದರೆ ವಯಸ್ಸಾದ ಹಾಗೆ ಸ್ನಾಯು ಕರಗುತ್ತೆ, ಸಮತಟ್ಟು ಟೈಲ್ಸ್ ಮೇಲೆ ನಡೆದರೆ ತೊಡೆಗೆ ಸಾಕಷ್ಟು ಕೆಲಸ ಸಿಗಲ್ಲ. 65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ಚಟುವಟಿಕೆ ಮಾತ್ರ ಅಲ್ಲ. ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ, ಮೂರು ದಿನವಾದರೂ ಸಮತೋಲನದ ಅಭ್ಯಾಸ ಬೇಕು. ನಾನು ಮೊದಲ ಸಾಲಿಗೇ ನಿಲ್ಲಿಸಿದ್ದೆ.

ಫಿಸಿಯೋಥೆರಪಿಸ್ಟ್ ಒಂದು ಸರಳ ಪರೀಕ್ಷೆ ಮಾಡಿಸಿದರು. ಕೈ ಇಲ್ಲದ ಕುರ್ಚಿ, ಗೋಡೆಗೆ ಒರಗಿಸಿದ್ದು. ಎರಡೂ ಕೈ ಎದೆ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರೋಕಾಗುತ್ತೆ? 65ರಿಂದ 69ರ ಹೆಂಗಸರಿಗೆ 11ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಅಮ್ಮನದು 7.

ಈಗ ಧಾರಾವಾಹಿ ಮಧ್ಯೆ ಜಾಹೀರಾತು ಬಂದರೆ ಕುರ್ಚಿಯಿಂದ ಎದ್ದು ಕೂರ್ತಾಳೆ. ಅಡುಗೆ ಕಟ್ಟೆ ಹಿಡ್ಕೊಂಡು ಒಂಟಿ ಕಾಲಲ್ಲಿ ನಿಲ್ತಾಳೆ. (ಮಂಡಿನೋವು, ತಲೆಸುತ್ತು ಇದ್ದರೆ ಡಾಕ್ಟರನ್ನ ಕೇಳದೆ ಶುರು ಮಾಡಿಸಬೇಡಿ.) ಸೊಪ್ಪಿಗೆ ತಾನೇ ಕೆಳಗೆ ಹೋಗ್ತಾಳೆ. ಊರಿಂದ ಈಳಿಗೆಮಣೆಯೂ ಬಂತು. ಕಷ್ಟ ಆಗಿದ್ದು ನನಗೇ. ಅವಳು ಬಕೆಟ್ ಎತ್ತಿದಾಗ ಬಾಯಿ ಮುಚ್ಕೊಂಡಿರೋದು ಇದೆಯಲ್ಲ, ಪ್ರೊಡಕ್ಷನ್ ರಿಲೀಸ್ ದಿನಕ್ಕಿಂತ ಟೆನ್ಷನ್.

ನಾಲ್ಕು ತಿಂಗಳಾಯ್ತು. ಹೋದ ಭಾನುವಾರ 11 ಎಣಿಸಿದೆ. "ಕೊನೇದು ಅರ್ಧ ಎದ್ದಿದ್ದೆ, ಲೆಕ್ಕಕ್ಕೆ ತಗೋಬೇಡ" ಅಂತ ಅವಳದೇ ತಕರಾರು. ಆಮೇಲೆ, "ಸರಿ, ನೀನು ಒಂದ್ಸಲ ನೆಲದ ಮೇಲೆ ಕೂತು, ಕೈ ಊರದೆ ಎದ್ದು ತೋರಿಸು ನೋಡೋಣ" ಅಂದಳು.

ನನಗೆ 31. ದಿನಕ್ಕೆ ಹತ್ತು ಗಂಟೆ ಕುರ್ಚಿ. ಚಕ್ಕಳಮಕ್ಕಳ ಹಾಕಿ ಕೂತೆ, ಎರಡು ಸಲ ಪ್ರಯತ್ನ ಪಟ್ಟೆ. ಮೂರನೇ ಸಲ ಸೋಫಾ ಹಿಡ್ಕೊಂಡೆ.