ಡೆತ್ ವ್ಯಾಲಿಗೆ ಹೊರಡುವ ಮುನ್ನ



ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ಕುರಿತ ನಿಮ್ಮ ಪತ್ರಿಕೆಯ ಪ್ರವಾಸ ಲೇಖನ ಇಷ್ಟವಾಯಿತು. ಆದರೆ ಅಲ್ಲಿನ ರೇಸ್‌ಟ್ರ್ಯಾಕ್ ಪ್ಲಾಯಾಗೆ ಎರಡೇ ಸಾಲು ಸಾಲದು. ಬಿರುಕುಬಿಟ್ಟ ಆ ಒಣ ಕೆರೆಯಂಗಳದಲ್ಲಿ ಕಲ್ಲುಗಳು ಸರಿದು ಉದ್ದುದ್ದ ಗೆರೆ ಎಳೆದಿವೆ. ಚಳಿಗಾಲದ ತೆಳು ಮಂಜುಗಡ್ಡೆ ಗಾಳಿಗೆ ತೇಲುತ್ತಾ ಅವನ್ನು ತಳ್ಳುತ್ತದೆಂದು ವಿಜ್ಞಾನಿಗಳು ಪ್ರಕಟಿಸಿದ್ದು 2014ರಲ್ಲಿ. ಒದ್ದೆ ನೆಲಕ್ಕೆ ಕಾಲಿಟ್ಟರೆ ಹೆಜ್ಜೆಗುರುತು ವರ್ಷಗಟ್ಟಲೆ ಅಳಿಯದು. ಅಂಥಲ್ಲಿ ಕಾರು ಓಡಿಸಿದವರೂ ಇದ್ದಾರೆ, ನೆನೆದರೆ ಸಂಕಟವಾಗುತ್ತದೆ.

ಅಲ್ಲಿಗೆ ಹೋಗುವ ಸುಮಾರು 43 ಕಿ.ಮೀ. ಕಚ್ಚಾರಸ್ತೆಯ ಚೂಪುಗಲ್ಲು ಟೈರನ್ನು ಸೀಳುತ್ತದೆ. ಮೊಬೈಲ್ ಸಿಗ್ನಲ್ ಇಲ್ಲ. ಒಳ್ಳೆಯ ಸ್ಟೆಪ್ನಿ, ಧಾರಾಳ ನೀರು ಇರಲೇಬೇಕು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಹಿರಿಯರನ್ನು ಜುಲೈನಲ್ಲಿ ಕಣಿವೆಯ ಡೇರೆಯಲ್ಲಿ ಮಲಗಿಸಬೇಡಿ. 1913ರ ಜುಲೈನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾದ ಜಾಗವದು.

— ಓದುಗ, ಮೈಸೂರು